ಇಬ್ಬನಿ ಹನಿಯಲ್ಲಿ ಹೂವು ಕಾಣೋ ಹಾಗೆ ಫೋಟೋ ತೆಗೆಯೋದು ಹೇಗೆ?

ಹನಿಯೊಳಗೆ ಪುಟ್ಟ ಹೂವು ಕಾಣೋ ಫೋಟೋ ಹೇಗೆ ತೆಗೀತಾರೆ, ನಾನು ತೆಗೆದರೆ ಬರೀ ಬಿಳಿ ಚುಕ್ಕೆ ಬರುತ್ತೆ ಅಂತ ಕೇಳಿದ್ದೀರಿ. ನಂದೂ ಒಂದು ಚಳಿಗಾಲ ಪೂರ್ತಿ ಇದೇ ಪಾಡು. ಅವರೆ ಹೊಲದ ಬದುವಿನಲ್ಲಿ ಮೊಣಕಾಲೂರಿ, ಪ್ಯಾಂಟೆಲ್ಲ ಒದ್ದೆ ಮಾಡಿಕೊಂಡು ತೆಗೆದ ನೂರಾರು ಫೋಟೋದಲ್ಲಿ ಒಂದೂ ನೆಟ್ಟಗಿರಲಿಲ್ಲ.

ನನ್ನ ತಪ್ಪು ಇದ್ದದ್ದು ಫೋಕಸ್‌ನಲ್ಲಿ. ಗುಂಡಗಿರೋ ಹನಿ ಒಂದು ಲೆನ್ಸ್ ಇದ್ದ ಹಾಗೆ. ಹಿಂದಿರೋ ಹೂವಿನ ಬಿಂಬ ತಲೆಕೆಳಗಾಗಿ ಮೂಡುತ್ತೆ. ಆದರೆ ಅದು ಮೂಡೋದು ಹನಿಯ ಒಳಗಲ್ಲ, ಹನಿಗೂ ಕ್ಯಾಮೆರಾಗೂ ನಡುವೆ! 2 ಮಿ.ಮೀ. ದಪ್ಪದ ಹನಿಯಾದರೆ ಅದರ ಮೈಯಿಂದ ಸುಮಾರು 1 ಮಿ.ಮೀ. ಈಚೆಗೆ. ನಾನು ಹನಿಯ ಅಂಚಿಗೆ ಫೋಕಸ್ ಮಾಡ್ತಿದ್ದೆ, ಹೂವು ಕಲಸಿಹೋಗ್ತಿತ್ತು. ಈಗ ಆಟೋಫೋಕಸ್ ಆಫ್ ಮಾಡಿ, ಸ್ಕ್ರೀನಿನಲ್ಲಿ ಹನಿಯನ್ನ ಹಿಗ್ಗಿಸಿ ನೋಡ್ತಾ, ದಳದ ಅಂಚು ಚೂಪಾಗಿ ಕಾಣೋವರೆಗೆ ಕ್ಯಾಮೆರಾನೇ ಕೂದಲೆಳೆಯಷ್ಟು ಹಿಂದೆ ಸರಿಸ್ತೀನಿ. ಹನಿಯ ಅಂಚೂ ಚೂಪಾಗಿ ಬೇಕು ಅಂದರೆ ಲೆನ್ಸಿನ ಕಿಂಡಿ (ಅಪರ್ಚರ್) ಕಿರಿದು ಮಾಡಿ ಎಫ್/8 ಅಥವಾ ಎಫ್/11ಕ್ಕೆ ಇಡಿ, ಜೊತೆಗೆ ಟ್ರೈಪಾಡ್, ಎರಡು ಸೆಕೆಂಡಿನ ಟೈಮರ್. ತೀರಾ ಹತ್ತಿರದಿಂದ ತೆಗೆಯೋ ದುಬಾರಿ ಮ್ಯಾಕ್ರೋ ಲೆನ್ಸೇ ಆಗಬೇಕಿಲ್ಲ, ನನ್ನದು 50 ಎಂ.ಎಂ. ಲೆನ್ಸಿಗೆ ಎಕ್ಸ್‌ಟೆನ್ಷನ್ ಟ್ಯೂಬ್, ಅಂದರೆ ಲೆನ್ಸಿಗೂ ಕ್ಯಾಮೆರಾಗೂ ನಡುವೆ ಸಿಕ್ಕಿಸೋ ಟೊಳ್ಳು ಕೊಳವೆ.

ಹೂವನ್ನ ಹನಿಯ ಹಿಂದೆ ಅರ್ಧ ಗೇಣು ದೂರದಲ್ಲಿ ಕಡ್ಡಿಗೆ ಬಟ್ಟೆ ಕ್ಲಿಪ್ ಹಾಕಿ ನಿಲ್ಲಿಸಿ. ಚೆಂಡುಹೂವು ಚೆನ್ನಾಗಿ ಬರುತ್ತೆ. ತೊಟ್ಟು ಮೇಲಾಗಿ ಹಿಡಿದರೆ ಹನಿಯಲ್ಲಿ ನೆಟ್ಟಗೆ ಕಾಣುತ್ತೆ.

ನಿಮ್ಮ ಬಿಳಿ ಚುಕ್ಕೆ ಬಹುಶಃ ಹನಿಗೆ ನೇರವಾಗಿ ಬಿದ್ದ ಬಿಸಿಲಿಂದು, ಇಲ್ಲಾ ಫ್ಲ್ಯಾಶಿಂದು. ಹನಿಗೆ ಕೊಡೆಯ ನೆರಳು ಕೊಟ್ಟು ಹೂವಿಗೆ ಮಾತ್ರ ಎಳೆಬಿಸಿಲು ಬೀಳೋ ಹಾಗೆ ಮಾಡಿ, ಎಕ್ಸ್‌ಪೋಶರ್ ಒಂದು ಸ್ಟಾಪ್ ಇಳಿಸಿ, ಅಂದರೆ ಕ್ಯಾಮೆರಾ ಹಿಡಿಯೋ ಬೆಳಕು ಅರ್ಧ ಆಗಲಿ.

ರಾತ್ರಿ ಮಲಗೋ ಮುಂಚೆ ಆಕಾಶ ನೋಡಿ. ನಕ್ಷತ್ರ ಕಾಣ್ತಾ ಇದ್ದು ಗಾಳಿ ಇಲ್ಲದಿದ್ದರೆ ಅಲಾರಂ ಇಡಿ. ಮೋಡ ಮುಚ್ಚಿದ್ದರೆ ನೆಲದ ಬಿಸಿ ಆರಲ್ಲ, ಇಬ್ಬನಿ ಕೂರೋದು ಅನುಮಾನ.

ಇನ್ನೊಂದು. ಗರಿಕೆ ತುದಿಯಲ್ಲೋ ರಾಗಿ ಪೈರಿನ ತುದಿಯಲ್ಲೋ ಒಂದೊಂದೇ ದಪ್ಪ ಹನಿ ನಿಂತಿರುತ್ತಲ್ಲ, ಅದು ಹೆಚ್ಚಾಗಿ ಇಬ್ಬನಿಯೇ ಅಲ್ಲ, ಬೇರು ಹೀರಿದ ನೀರನ್ನ ಗಿಡವೇ ಹೊರಗೆ ಹಾಕಿದ್ದು. ನಿಜವಾದ ಇಬ್ಬನಿ ಎಲೆ ತುಂಬಾ ಸಣ್ಣಗೆ ಹರಡಿರುತ್ತೆ. ನಮ್ಮ ಕೆಲಸಕ್ಕೆ ಆ ದಪ್ಪ ಹನಿಯೇ ಸರಿ. ಹತ್ತಿರ ಹೋದಾಗ ಉಸಿರು ಬಿಗಿಹಿಡೀರಿ, ಸ್ವಲ್ಪ ಅಲುಗಿದರೂ ಉದುರಿಹೋಗುತ್ತೆ.

ಅಷ್ಟು ಬೇಗ ಏಳೋಕೆ ಆಗಲ್ಲ ಅಂದರೆ ಮನೇಲೇ ಸಿರಿಂಜಿನಿಂದ ಹುಲ್ಲಿನ ತುದಿಗೆ ಹನಿ ಕೂರಿಸಿ ಕೈ ಪಳಗಿಸಿಕೊಳ್ಳಬಹುದು. ಆಮೇಲೆ ಅದಕ್ಕೆ ‘ಮುಂಜಾನೆಯ ಇಬ್ಬನಿ’ ಅಂತ ಹೆಸರಿಡಬೇಡಿ, ಅಷ್ಟೇ.