ಕಾಫಿ ಬಿಟ್ಟಿರಿ, ಪಟ್ಟಿ ಬಿಡಲಿಲ್ಲ

ದಾವಣಗೆರೆಯ ಓದುಗರೊಬ್ಬರ ಪತ್ರ. ವಯಸ್ಸು 38, ಬ್ಯಾಂಕಿನಲ್ಲಿ ಗುಮಾಸ್ತರು. ಜೊತೆಗೆ ಸೇರಿದವರು ಆಫೀಸರ್ ಆದರು, ಇವರಿಗೆ ಬಡ್ತಿ ಕೈತಪ್ಪಿತು. ‘ಆಸೆಯೇ ದುಃಖಕ್ಕೆ ಮೂಲ’ ಎಂದು ಷಡ್ಡಕರು ಉಪದೇಶ ಮಾಡಿದರಂತೆ. ಇವರು ಕಾಫಿ ಬಿಟ್ಟರು, ಹೆಂಡತಿ ಜೊತೆ ಸಿನಿಮಾ ಬಿಟ್ಟರು, ಈಗ ಮುಂದಿನ ಬಡ್ತಿ ಪರೀಕ್ಷೆಯನ್ನೂ ಬಿಡಲು ಹೊರಟಿದ್ದಾರೆ. ಹೊಟ್ಟೆಯುರಿ ಮಾತ್ರ ಆರಿಲ್ಲ. ‘ಆಸೆ ಬಿಡುವ ಸ್ವಾತಂತ್ರ್ಯ ನಮಗಿದೆಯೋ, ಎಲ್ಲ ಪ್ರಾರಬ್ಧವೋ?’ ಎಂದು ಕೇಳಿದ್ದಾರೆ.

ನಿಮ್ಮ ಪತ್ರದ ಕೊನೆಗೆ ಒಂದು ಸಾಲಿದೆ: ‘ರಾತ್ರಿ ಮಲಗುವ ಮುಂಚೆ ಫೋನಿನಲ್ಲಿ ಬಡ್ತಿ ಪಟ್ಟಿ ಒಂದ್ಸಲ ನೋಡ್ತೀನಿ, ಅಷ್ಟೇ.’ ಅಷ್ಟೇ ಅಲ್ಲ ಸ್ವಾಮಿ, ಇರೋದೇ ಅಲ್ಲಿ. ಉರಿ ಹಚ್ಚದ ಕಾಫಿಯನ್ನು ಬಿಟ್ಟು, ಉರಿ ಹಚ್ಚುವ ಪಟ್ಟಿಯನ್ನು ದಿಂಬಿನ ಪಕ್ಕ ಇಟ್ಟುಕೊಂಡಿದ್ದೀರಿ.

ನಿಮ್ಮ ಷಡ್ಡಕರು ಅರ್ಧ ಪಾಠ ಒಪ್ಪಿಸಿ ಎದ್ದುಹೋಗಿದ್ದಾರೆ. ಬುದ್ಧ ದುಃಖಕ್ಕೆ ಕಾರಣ ಎಂದದ್ದು ತಣ್ಹಾ, ಅಂದರೆ ತೃಷ್ಣೆ, ಬಾಯಾರಿಕೆ. ಅದರಲ್ಲಿ ಮೂರು ಬಗೆ: ಸುಖ ಬೇಕೆನ್ನುವುದು, ಏನೋ ಆಗಬೇಕೆನ್ನುವುದು, ಇದೆಲ್ಲ ಇಲ್ಲವಾಗಲಿ ಎನ್ನುವುದು. ಮೂರನೆಯದಕ್ಕೆ ವಿಭವತೃಷ್ಣೆ ಎಂದು ಹೆಸರು. ನಿಮ್ಮ ವೈರಾಗ್ಯ ಅದೇ. ಕೆಲಸಕ್ಕೆ ಕೈಹಚ್ಚುವ ಇಚ್ಛೆಗೆ ಪಾಲಿಯಲ್ಲಿ ಛಂದ ಎನ್ನುತ್ತಾರೆ. ಇಚ್ಛೆಯಿಂದಲೇ ಇಚ್ಛೆಯನ್ನು ದಾಟುವುದು ಹೇಗೆ ಎಂದು ಕೌಶಾಂಬಿಯ ಘೋಷಿತಾರಾಮವೆಂಬ ತೋಟದಲ್ಲಿ ಉಣ್ಣಾಭನೆಂಬ ಬ್ರಾಹ್ಮಣ ಬುದ್ಧನ ಶಿಷ್ಯ ಆನಂದನನ್ನು ಕೇಳಿದ. ಈ ತೋಟಕ್ಕೆ ಬರಬೇಕೆಂಬ ಇಚ್ಛೆ ನಿನಗಿತ್ತಲ್ಲ, ಬಂದು ತಲುಪಿದ ಮೇಲೆ ಅದು ತಣಿಯಲಿಲ್ಲವೇ ಎಂದು ಆನಂದ ತಿರುಗಿ ಕೇಳಿದ. ಪರೀಕ್ಷೆ ಬರೆಯುವ ಇಚ್ಛೆಯೂ ಹಾಗೆ, ಬರೆದರೆ ಮುಗಿಯುತ್ತದೆ. ಪಟ್ಟಿ ಎಷ್ಟು ಸಲ ನೋಡಿದರೂ ಮುಗಿಯುವುದಿಲ್ಲ.

ಇನ್ನು ಸ್ವಾತಂತ್ರ್ಯ. ಸ್ಪರ್ಶ, ವೇದನೆ, ತೃಷ್ಣೆ, ಉಪಾದಾನ (ಅಂದರೆ ಅಂಟಿಕೊಳ್ಳುವುದು), ಹೀಗೆ ಒಂದರಿಂದ ಇನ್ನೊಂದು ಹುಟ್ಟುತ್ತದೆ ಎಂಬುದು ಬೌದ್ಧರ ಸರಪಳಿ. ಇಲ್ಲಿ ವೇದನೆ ಎಂದರೆ ನೋವು ಮಾತ್ರವಲ್ಲ, ಹಿತ ಅಹಿತ ಎರಡೂ. ಪಟ್ಟಿಯಲ್ಲಿ ಗೆಳೆಯನ ಹೆಸರು ಕಂಡಾಗ ಎದೆ ಬಿಸಿಯಾಗುವುದು ವೇದನೆ. ಅದು ನಿಮ್ಮ ಕೈಲಿಲ್ಲ, ಅದನ್ನು ಪ್ರಾರಬ್ಧ ಎಂದೇ ಕರೆಯಿರಿ. ಆ ಬಿಸಿಗೂ ‘ಅವನಿಗ್ಯಾಕೆ ಸಿಕ್ಕಿತು’ ಎಂಬ ತೃಷ್ಣೆಯ ಮಾತಿಗೂ ನಡುವೆ ಒಂದು ಸಂದು ಇದೆ. ನಿಮ್ಮ ಸ್ವಾತಂತ್ರ್ಯ ಅಷ್ಟಗಲ. ರಾತ್ರಿ ಹನ್ನೊಂದಕ್ಕೆ, ಒಬ್ಬರೇ, ದಣಿದು ಮಲಗಿದಾಗ ಆ ಸಂದು ಕಾಣುವುದೇ ಇಲ್ಲ. ಅಲ್ಲಿ ಉಸಿರು ಗಮನಿಸಲು ಹೋದರೆ ‘ಉರಿ ತೊಲಗಲಿ’ ಎಂದೇ ಗಮನಿಸುತ್ತೀರಿ, ಮತ್ತೆ ಅದೇ ಮೂರನೆಯ ತೃಷ್ಣೆ.

ಮಲಗುವ ಕೋಣೆಗೆ ಫೋನ್ ಬೇಡವೆಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದೆನೋ! ಒಂದೇ ಕೆಲಸ ಹೇಳುತ್ತೇನೆ: ಇವತ್ತೇ ಪಟ್ಟಿ ಅಳಿಸಿ, ಅದೇ ಫೋನಿನಲ್ಲಿ ಪರೀಕ್ಷೆಗೆ ಅರ್ಜಿ ಹಾಕಿ, ಫೋನನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಇಟ್ಟು ಬನ್ನಿ. ಬೆಳಿಗ್ಗೆ ಅದನ್ನು ತರಲು ಹೋದಾಗ ಮನೆಯವರು ಕಾಫಿ ಕೊಟ್ಟರೆ ಕುಡಿಯಿರಿ.