ಗದ್ದೆಯ ಬದುವಿನಿಂದ ಆಹಾರ ಜಾಲಕ್ಕೆ

ಐದನೇ ತರಗತಿಯ ನಿಮ್ಮ ಮಗಳು ‘ಹುಲ್ಲು, ಜಿಂಕೆ, ಹುಲಿ’ ಎಂದು ತಪ್ಪಿಲ್ಲದೆ ಒಪ್ಪಿಸುತ್ತಾಳೆ, ಆದರೆ ಇಂಥ ಹಲವು ಸರಪಳಿಗಳು ಹೆಣೆದುಕೊಂಡ ಆಹಾರ ಜಾಲ ಎಂದೊಡನೆ ತಬ್ಬಿಬ್ಬಾಗುತ್ತಾಳೆ, ಹೇಗೆ ಕಲಿಸಲಿ ಎಂದು ಕೇಳಿದ್ದೀರಿ. ಕೊಡಗಿನ ಪೊನ್ನಂಪೇಟೆಯ ಸಮೀಪದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನಾನು, ನಾಗರಹೊಳೆ ಹತ್ತಿರವೇ ಇದ್ದರೂ, ಹುಲಿಯಿಂದ ಪಾಠ ಆರಂಭಿಸುವುದಿಲ್ಲ. ಹುಲಿಯ ಬೇಟೆಯನ್ನು ಕಣ್ಣಾರೆ ಕಂಡ ಮಗು ನನಗೆ ಸಿಕ್ಕಿಲ್ಲ, ಗದ್ದೆಯ ಬದುವಿನಲ್ಲಿ ಕೇರೆಹಾವು ಕಪ್ಪೆ ಹಿಡಿದದ್ದನ್ನು ಕಂಡವರು ಪ್ರತಿ ವರ್ಷವೂ ನಾಲ್ಕಾರು ಮಂದಿ ಇರುತ್ತಾರೆ.

ಭತ್ತದ ಪೈರು, ಮಿಡತೆ, ಕಪ್ಪೆ, ಕೇರೆ, ಹದ್ದು ಎಂದು ಬರೆದು ಬಾಣ ಹಾಕಲು ಹೇಳಿದರೆ ಬಹುತೇಕ ಮಕ್ಕಳು ತಿನ್ನುವ ಪ್ರಾಣಿಯಿಂದ ಆಹಾರದ ಕಡೆಗೆ ಹಾಕುತ್ತಾರೆ. ಶಕ್ತಿ ಯಾರ ಹೊಟ್ಟೆಗೆ ಹೋಯಿತೋ ಅತ್ತ ಬಾಣದ ಮೊನೆ ಇರಬೇಕು ಎಂಬುದನ್ನು ಮೊದಲ ದಿನವೇ ಗಟ್ಟಿ ಮಾಡಿಸಿ.

ಬಳಿಕ 1000 ಭತ್ತದ ಕಾಳುಗಳನ್ನು ಎಣಿಸಿಸಿ. ಕಾಳು ಇಲ್ಲಿ ಶಕ್ತಿಯ ಲೆಕ್ಕಕ್ಕೆ. ಪೈರಿನಲ್ಲಿರುವ 1000ದಿಂದ ಪ್ರತಿ ಹಂತದಲ್ಲೂ ಹತ್ತರಲ್ಲೊಂದು ಪಾಲು ಮಾತ್ರ ಮುಂದೆ ದಾಟುವುದರಿಂದ ಮಿಡತೆಯ ತಟ್ಟೆಗೆ 100, ಕಪ್ಪೆಗೆ 10, ಹಾವಿಗೆ 1 ಬೀಳುತ್ತದೆ. ಹದ್ದಿನ ಸರದಿಗೆ ಒಂದೇ ಕಾಳನ್ನು ಹತ್ತು ಚೂರು ಮಾಡುವ ಪೇಚಾಟ. ಮಿಡತೆಗಳು ಲೆಕ್ಕವಿಲ್ಲದಷ್ಟಿದ್ದು ಹದ್ದು ಒಂದೋ ಎರಡೋ ಇರುವುದೇಕೆಂದು ಆಗ ಹೇಳಿಕೊಡಬೇಕಾಗುವುದಿಲ್ಲ. ಪರಿಸರ ವಿಜ್ಞಾನಿ ರೇಮಂಡ್ ಲಿಂಡೆಮನ್ 1942ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಬೆಳೆದು ಬಂದ ಈ ಶೇಕಡಾ 10ರ ಲೆಕ್ಕ ಸ್ಥೂಲವಾದದ್ದು. ಉಳಿದ ಶಕ್ತಿಯಲ್ಲಿ ಬಹುಪಾಲು ಉಸಿರಾಟ, ಓಡಾಟಗಳಲ್ಲಿ ಶಾಖವಾಗಿ ಕಳೆಯುತ್ತದೆ.

ಜಾಲಕ್ಕೆಂದು ಬೇರೆ ಚಿತ್ರ ಬೇಡ. ಅದೇ ಸರಪಳಿಗೆ ಮಿಡತೆಯನ್ನೂ ಕಪ್ಪೆಯನ್ನೂ ತಿನ್ನುವ ಬೆಳ್ಳಕ್ಕಿಯನ್ನು, ಭತ್ತ ತಿಂದು ಕೇರೆಗೆ ಆಹಾರವಾಗುವ ಇಲಿಯನ್ನು ಸೇರಿಸಿ. ತೋಟದಿಂದ ಪುನುಗು ಬೆಕ್ಕನ್ನು ಕರೆತಂದರೆ ಇನ್ನೂ ಸೊಗಸು: ಕಾಫಿ ಹಣ್ಣನ್ನೂ ಇಲಿಯನ್ನೂ ತಿನ್ನುವ ಅದನ್ನು ಸಸ್ಯಾಹಾರಿಗಳ ಸಾಲಿನಲ್ಲಿ ಕೂರಿಸಬೇಕೋ ಮಾಂಸಾಹಾರಿಗಳ ಸಾಲಿನಲ್ಲೋ ಎಂದು ಮಕ್ಕಳು ಜಗಳಕ್ಕೇ ಬೀಳುತ್ತಾರೆ, ಅಷ್ಟರಲ್ಲಿ ಗೆರೆಗಳು ಒಂದನ್ನೊಂದು ದಾಟಿರುತ್ತವೆ. ಆಮೇಲೆ ಕೇರೆಯನ್ನು ಅಳಿಸಿ, ಯಾರು ಹೆಚ್ಚುತ್ತಾರೆ, ಯಾರಿಗೆ ಊಟ ತಪ್ಪುತ್ತದೆ ಎಂದು ಕೇಳಿ.

ಸತ್ತ ಗಿಡ, ಪ್ರಾಣಿಗಳನ್ನು ಕೊಳೆಸಿ ಮಣ್ಣಿಗೆ ಸೇರಿಸುವ ವಿಘಟಕಗಳ ಪಾಠವನ್ನು ನಾನು ಮಳೆಗಾಲಕ್ಕೆ ಇಟ್ಟುಕೊಳ್ಳುತ್ತೇನೆ. ಒಮ್ಮೆ ಕಕ್ಕಡ ಎಂಬ ಕೊಡವ ತಿಂಗಳ ಮಳೆಯಲ್ಲಿ ಹುಡುಗನೊಬ್ಬ ಹುತ್ತದ ಅಣಬೆಯನ್ನು ಕೆಸುವಿನ ಎಲೆಯಲ್ಲಿ ಸುತ್ತಿ ತಂದು, ‘ಇದರಲ್ಲಿ ಹಸಿರೇ ಇಲ್ಲವಲ್ಲ ಟೀಚರ್, ಇದಕ್ಕೆ ಊಟ ಎಲ್ಲಿಂದ?’ ಎಂದ. ಗೆದ್ದಲು ಹೊತ್ತು ತಂದ ಒಣ ಎಲೆ, ಮರದ ಚೂರುಗಳಿಂದ ಎಂದು ಹೇಳಿ, ಬೋರ್ಡಿನ ಕೆಳಗೆ ಅಣಬೆ, ಬೂಷ್ಟು, ಬ್ಯಾಕ್ಟೀರಿಯಾ ಎಂದು ಬರೆದು ಸೀಮೆಸುಣ್ಣವನ್ನು ಅವನ ಕೈಗೆ ಕೊಟ್ಟೆ. ಪೈರಿನಿಂದ ಹದ್ದಿನವರೆಗೆ ಒಂದನ್ನೂ ಬಿಡದೆ ಅವನು ಬಾಣಗಳನ್ನು ಕೆಳಕ್ಕೆ ಇಳಿಸಿದ.