ಡಯಾಲಿಸಿಸ್ ನಡೀತಿದೆ, ಹಲ್ಲು ಕೀಳಿಸಬಹುದಾ ಡಾಕ್ಟ್ರೇ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಜಾತಿಯವು. ಯಾವುದೋ ದೊಡ್ಡ ಕಾಯಿಲೆಗೆ ವರ್ಷಗಟ್ಟಲೆ ಔಷಧ ನಡೆಯುತ್ತಿದೆ, ಮಧ್ಯೆ ಹಲ್ಲು ಕೈಕೊಟ್ಟಿದೆ, ಮುಟ್ಟಲು ಯಾರೂ ಒಪ್ಪುತ್ತಿಲ್ಲ. ಹಾಗಾಗಿ ಹಲ್ಲು ಬೆಳ್ಳಗಾಗಿಸುವ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಇವನ್ನೇ ಎತ್ತಿಕೊಂಡಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನಮ್ಮ ಅಪ್ಪನಿಗೆ 58 ವರ್ಷ. ಶುಗರ್‌ನಿಂದ ಎರಡೂ ಕಿಡ್ನಿ ಹೋಗಿವೆ. ಸೋಮವಾರ, ಬುಧವಾರ, ಶುಕ್ರವಾರ ತಾಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್. ಅಮ್ಮ ಒಂದು ಕಿಡ್ನಿ ಕೊಡಲು ಒಪ್ಪಿದ್ದಾರೆ. ಆದರೆ ಕಸಿ ಮಾಡುವ ಆಸ್ಪತ್ರೆಯವರು ಮೊದಲು ಬಾಯಿ ಸರಿ ಮಾಡಿಸಿಕೊಂಡು ಹಲ್ಲಿನ ಡಾಕ್ಟರ ಚೀಟಿ ತನ್ನಿ ಅಂದಿದ್ದಾರೆ. ಕೆಳಗಿನ ಎರಡು ದವಡೆ ಹಲ್ಲು ಹುಳುಕಾಗಿ ಕೀವು ಬರುತ್ತಿದೆ. ಊರಿನ ಎರಡು ಕ್ಲಿನಿಕ್‌ಗಳಲ್ಲಿ ‘ಡಯಾಲಿಸಿಸ್ ಪೇಷಂಟ್, ನಮ್ಮ ಕೈಲಿ ಆಗಲ್ಲ’ ಅಂದರು. ರಕ್ತ ನಿಲ್ಲೋದೇ ಇಲ್ಲ, ಸುಮ್ನಿರಿ ಅಂತ ಸೋದರತ್ತೆ ಹೆದರಿಸುತ್ತಿದ್ದಾರೆ. ಏನು ಮಾಡಲಿ ಡಾಕ್ಟ್ರೇ?

ಉತ್ತರ: ಕೀಳಿಸಿ. ಕೀವು ತುಂಬಿದ ಹಲ್ಲನ್ನು ಹಾಗೇ ಇಟ್ಟುಕೊಳ್ಳುವುದೇ ಜಾಸ್ತಿ ಅಪಾಯ. ಕಸಿ ಆದ ಮೇಲೆ ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲಿ ಅಂತ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಗಳನ್ನು ದಿನವೂ ತೆಗೆದುಕೊಳ್ಳಬೇಕಾಗುತ್ತದೆ. ಇವತ್ತು ಹಲ್ಲಿನ ಬುಡದಲ್ಲಿ ಅಡಗಿ ಕೂತಿರುವ ಸೋಂಕಿಗೆ ಅವತ್ತು ತಡೆಯೇ ಇರುವುದಿಲ್ಲ. ಆಸ್ಪತ್ರೆಯವರು ಚೀಟಿ ಕೇಳುವುದು ಇದಕ್ಕೇ.

ನಿಮ್ಮ ಅತ್ತೆ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಕಿಡ್ನಿ ಕೆಲಸ ನಿಲ್ಲಿಸಿದಾಗ ರಕ್ತದಲ್ಲಿ ಉಳಿಯುವ ಕಲ್ಮಶದಿಂದ, ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳು ಮಂಕಾಗುತ್ತವೆ. ರಿಪೋರ್ಟಿನಲ್ಲಿ ಸಂಖ್ಯೆ ಸರಿಯಾಗೇ ಇರುತ್ತದೆ, ಆದರೆ ಅಂಟಿಕೊಳ್ಳುವ ಕೆಲಸ ಸರಿಯಾಗಿ ಮಾಡುವುದಿಲ್ಲ. ಅದರ ಮೇಲೆ ಡಯಾಲಿಸಿಸ್ ಮಾಡುವಾಗ ರಕ್ತ ಮೆಷಿನ್ನಿನ ಪೈಪಿನಲ್ಲಿ ಹೆಪ್ಪುಗಟ್ಟದಿರಲಿ ಅಂತ ಹೆಪಾರಿನ್ ಕೊಡುತ್ತಾರೆ. ಅದರ ಪ್ರಭಾವ ಕೆಲವು ಗಂಟೆ ಇರುತ್ತದೆ. ಅದಕ್ಕೇ ಡಯಾಲಿಸಿಸ್ ಮಾಡಿಸಿಕೊಂಡು ಬರುವ ದಾರಿಯಲ್ಲೇ ‘ಇದೊಂದು ಕೆಲಸ ಮುಗಿಸಿಬಿಡೋಣ’ ಅಂತ ಹಲ್ಲಿನ ಡಾಕ್ಟರ ಹತ್ತಿರ ಹೋಗಬಾರದು. ಡಯಾಲಿಸಿಸ್ ಆದ ಮಾರನೇ ದಿನ ಬೆಳಗ್ಗೆ ಸರಿಯಾದ ಹೊತ್ತು. ಹೆಪಾರಿನ್ ಇಳಿದಿರುತ್ತದೆ, ರಕ್ತ ಶುದ್ಧವಾಗಿರುತ್ತದೆ, ಮೈಯಲ್ಲಿ ನೀರು ತುಂಬಿರುವುದಿಲ್ಲ, ಅಪ್ಪನಿಗೂ ಸುಸ್ತು ಕಡಿಮೆ.

ಹಾಗಾದರೆ ಯಾವ ವಾರ? ಲೆಕ್ಕದ ಪ್ರಕಾರ ಶನಿವಾರ ಬೆಳಗ್ಗೆ ಒಳ್ಳೆಯದು. ಶುಕ್ರವಾರದ ಹೆಪಾರಿನ್ ಹೋಗಿರುತ್ತದೆ, ಮುಂದಿನದು ಸೋಮವಾರ, ನಡುವೆ ಗಾಯ ಕೂಡಿಕೊಳ್ಳಲು ಎರಡು ದಿನ ಸಿಗುತ್ತದೆ. ಆದರೆ ನಮ್ಮ ಕಡೆ ಭಾನುವಾರ ಕ್ಲಿನಿಕ್ ಬಾಗಿಲು ಹಾಕಿರುತ್ತದೆ ಅಲ್ವಾ, ಆ ರಾತ್ರಿ ರಕ್ತ ಒಸರಿದರೆ ಎಲ್ಲಿಗೆ ಓಡುತ್ತೀರಿ? ತುರ್ತು ವಿಭಾಗ ಇರುವ ದೊಡ್ಡ ಆಸ್ಪತ್ರೆಯಲ್ಲಿ ಮಾಡಿಸುವುದಾದರೆ ಶನಿವಾರ, ಇಲ್ಲದಿದ್ದರೆ ಮಂಗಳವಾರ ಅಥವಾ ಗುರುವಾರ. ಎರಡು ಹಲ್ಲನ್ನೂ ಒಂದೇ ಸಲ ಕೀಳುತ್ತಾರಾ, ಒಂದೊಂದಾಗಿ ಕೀಳುತ್ತಾರಾ ಅನ್ನುವುದು ಬಾಯಿ ನೋಡಿದ ಡಾಕ್ಟರಿಗೆ ಬಿಟ್ಟಿದ್ದು.

ಹಲ್ಲು ಕಿತ್ತ ಮೇಲೆ ಬರುವ ಮೊದಲ ಡಯಾಲಿಸಿಸ್ ಇದೆಯಲ್ಲ, ಎಡವಟ್ಟು ಆಗುವುದು ಸಾಮಾನ್ಯವಾಗಿ ಅವತ್ತು. ಅಲ್ಲಿನ ಟೆಕ್ನಿಷಿಯನ್‌ಗೆ ಯಾರೂ ಹೇಳಿರುವುದಿಲ್ಲ, ಅವರು ಎಂದಿನಂತೆ ಪೂರ್ತಿ ಡೋಸ್ ಹೆಪಾರಿನ್ ಕೊಡುತ್ತಾರೆ, ನಿಂತಿದ್ದ ರಕ್ತ ಸಂಜೆಗೆ ಮತ್ತೆ ಜಿನುಗಲು ಶುರು. ಸೂಜಿ ಚುಚ್ಚುವ ಮೊದಲೇ ‘ನಿನ್ನೆ ಹಲ್ಲು ಕೀಳಿಸಿದೆ’ ಅಂತ ಅಪ್ಪ ಬಾಯಿಬಿಟ್ಟು ಹೇಳಬೇಕು. ಹೆಪಾರಿನ್ ಕಡಿಮೆ ಮಾಡಿ, ಇಲ್ಲವೇ ಹೆಪಾರಿನ್ ಇಲ್ಲದೆ ನಡೆಸುವ ವಿಧಾನ ಇದೆ. ಅದನ್ನು ನಿರ್ಧರಿಸುವವರು ಕಿಡ್ನಿ ಡಾಕ್ಟರು. ಹಲ್ಲಿನ ಡಾಕ್ಟರು ಏನು ಮಾಡಿದರು ಅಂತ ಒಂದು ಚೀಟಿ ಬರೆಸಿಕೊಂಡು ಹೋದರೆ ಇನ್ನೂ ಸಲೀಸು.

ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ರಕ್ತನಾಳ ಜೋಡಿಸಿ ಮಾಡಿದ ಜಾಗ) ಇರುವ ಕೈಗೆ ಬಿಪಿ ಪಟ್ಟಿ ಸುತ್ತಬಾರದು, ಆ ಕೈಯಿಂದ ರಕ್ತ ತೆಗೆಯಬಾರದು, ಡ್ರಿಪ್ ಹಾಕಬಾರದು. ಹಲ್ಲಿನ ಕುರ್ಚಿಯಲ್ಲಿ ಕೂತಾಗ ನರ್ಸ್ ಯಾವ ಕೈ ಹತ್ತಿರ ಸಿಗುತ್ತದೋ ಅದನ್ನೇ ಹಿಡಿಯುತ್ತಾರೆ, ನೀವು ಪಕ್ಕದಲ್ಲಿ ನಿಂತು ನೋಡಿಕೊಳ್ಳಿ. ಬೆಳಗಿನ ಬಿಪಿ ಮಾತ್ರೆ ತಪ್ಪಿಸಬೇಡಿ. ಬರಿಹೊಟ್ಟೆಯಲ್ಲೂ ಕರೆದುಕೊಂಡು ಹೋಗಬೇಡಿ. ಆಪರೇಷನ್ ಅಂದ ತಕ್ಷಣ ಉಪವಾಸ ಅಂದುಕೊಳ್ಳುತ್ತಾರೆ ಜನ, ಶುಗರ್ ಮಾತ್ರೆಯನ್ನೋ ಇನ್ಸುಲಿನ್ನನ್ನೋ ಮಾತ್ರ ತೆಗೆದುಕೊಂಡು ತಿಂಡಿ ಬಿಟ್ಟು ಬರುತ್ತಾರೆ, ಕುರ್ಚಿಯಲ್ಲೇ ಬೆವೆತು ತಲೆ ಸುತ್ತಿ ಬೀಳುತ್ತಾರೆ. ಆ ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಕೀಳುವುದಾದರೆ ಇಡ್ಲಿ ತಿಂದೇ ಬರಲಿ. ಪೂರ್ತಿ ಮತ್ತು ಬರಿಸಿ ಮಾಡುವುದಾದರೆ ಮಾತ್ರ ಹೊಟ್ಟೆ ಖಾಲಿ ಇರಬೇಕು, ಅದನ್ನು ಮೊದಲೇ ಹೇಳಿರುತ್ತಾರೆ.

ನೋವಿಗೆ ಪ್ಯಾರಾಸಿಟಮಾಲ್, ಅದೂ ಹೇಳಿದಷ್ಟೇ. ಮೆಡಿಕಲ್ ಶಾಪಿನಲ್ಲಿ ‘ಹಲ್ಲುನೋವಿಗೆ ಏನಾದ್ರೂ ಕೊಡಿ’ ಅಂತ ಕೇಳಿದರೆ ಸಿಗುವುದು ಬಹುಪಾಲು ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಇರುವ ಮಾತ್ರೆ. ಅಪ್ಪನಿಗೆ ಇವು ಬೇಡವೇ ಬೇಡ. ಉಳಿದಿರುವ ಚೂರುಪಾರು ಕಿಡ್ನಿಯನ್ನೂ ಕೆಡಿಸುತ್ತವೆ, ರಕ್ತ ಸೋರುವುದನ್ನೂ ಹೆಚ್ಚಿಸುತ್ತವೆ. ಸೋಂಕಿಗೆ ಅಮಾಕ್ಸಿಸಿಲಿನ್ ಕೊಡಬಹುದು, ಆದರೆ ಎಲ್ಲರಿಗೂ ಕೊಡುವ ಲೆಕ್ಕದಲ್ಲಲ್ಲ. ಡೋಸ್ ಕಡಿಮೆ, ಮತ್ತೆ ಡಯಾಲಿಸಿಸ್ ಇರುವ ದಿನ ಮೆಷಿನ್ ಮುಗಿದ ಮೇಲೆಯೇ ನುಂಗಬೇಕು. ಮೊದಲೇ ನುಂಗಿದರೆ ಮಾತ್ರೆಯೂ ರಕ್ತದ ಕಲ್ಮಶದ ಜೊತೆ ತೊಳೆದುಹೋಗುತ್ತದೆ.

ಇನ್ನು ಮನೆಗೆ ನೋಡಲು ಬರುವವರು. ಹಲ್ಲು ಕೀಳಿಸಿದ್ದಾರೆ, ಗಟ್ಟಿ ತಿನ್ನೋಕಾಗಲ್ಲ ಅಂತ ಎಳನೀರು, ಮೂಸಂಬಿ ಜ್ಯೂಸು, ಬಾಳೆಹಣ್ಣು ಹಿಡಿದುಕೊಂಡೇ ಬರುತ್ತಾರೆ. ಬೇರೆಯವರಿಗೆ ಇದು ಉಪಚಾರ, ಡಯಾಲಿಸಿಸ್‌ನಲ್ಲಿರುವವರಿಗೆ ಮಾತ್ರ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ಏರುಪೇರಾಗಬಹುದು. ಆರಿದ ಮೆತ್ತನೆ ಅನ್ನ, ರವೆ ಗಂಜಿ, ನೆನೆಸಿದ ಇಡ್ಲಿ ಸಾಕು. ಗಂಜಿಯ ನೀರನ್ನೂ ದಿನದ ನೀರಿನ ಲೆಕ್ಕಕ್ಕೆ ಸೇರಿಸಿ. ಉಪ್ಪುನೀರು ಮುಕ್ಕಳಿಸುವುದು ಮಾರನೇ ದಿನದಿಂದ, ಮೆಲ್ಲಗೆ. ನುಂಗಬಾರದು.

ಎಲ್ಲಿ ಮಾಡಿಸುವುದು? ಹೋದ ಕ್ಲಿನಿಕ್‌ಗಳ ಮೇಲೆ ಸಿಟ್ಟಾಗಬೇಡಿ. ಧೈರ್ಯ ಇಲ್ಲದೆ ಕೈ ಹಾಕುವುದಕ್ಕಿಂತ ಆಗಲ್ಲ ಅಂದಿದ್ದೇ ವಾಸಿ, ಆದರೆ ಎಲ್ಲಿಗೆ ಹೋಗಬೇಕು ಅಂತ ಬರೆದುಕೊಡಬೇಕಿತ್ತು ಅನ್ನುವುದೂ ನಿಜ. ಬಾಯಿ ಮತ್ತು ದವಡೆ ಶಸ್ತ್ರಚಿಕಿತ್ಸೆಯ ವಿಭಾಗ ಇರುವ ಡೆಂಟಲ್ ಕಾಲೇಜಿಗೆ ಹೋಗಿ. ಬೆಂಗಳೂರು, ಮೈಸೂರು, ಮಂಗಳೂರು, ದಾವಣಗೆರೆ, ಧಾರವಾಡ, ಕಲಬುರಗಿ, ಎಲ್ಲ ಕಡೆ ಇವೆ. ಬೆಂಗಳೂರಿಗೇ ಬರುವುದಾದರೆ ಕೋಟೆ ಹತ್ತಿರ ಸರ್ಕಾರಿ ಡೆಂಟಲ್ ಕಾಲೇಜು ಇದೆ, ಅಲ್ಲೇ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಕಿಡ್ನಿ ಕಾಯಿಲೆಗಳನ್ನು ನೋಡುವ ನೆಫ್ರೋ ಯುರಾಲಜಿ ಸಂಸ್ಥೆಯೂ ಇದೆ. ಹೋಗುವಾಗ ಕಿಡ್ನಿ ಡಾಕ್ಟರ ಪತ್ರ, ಇತ್ತೀಚಿನ ರಕ್ತ ಪರೀಕ್ಷೆ, ಎಲ್ಲ ಮಾತ್ರೆಗಳ ಸ್ಟ್ರಿಪ್, ಡಯಾಲಿಸಿಸ್ ಪುಸ್ತಕ ಜೊತೆಗಿರಲಿ. ಹಾಂ, ಅಪ್ಪನಿಗೆ ಬಿಪಿಗೆ ಅಮ್ಲೋಡಿಪಿನ್ ಕೊಡುತ್ತಿದ್ದು ಒಸಡೂ ದಪ್ಪಗಾಗಿದ್ದರೆ ಅದನ್ನೂ ತೋರಿಸಿ. ಕೆಲವರಲ್ಲಿ ಆ ಮಾತ್ರೆಯಿಂದ ಒಸಡು ಬೆಳೆಯುತ್ತದೆ.

ಪ್ರಶ್ನೆ: ನಾನು ಶಿಕ್ಷಕಿ, 44 ವರ್ಷ. ರುಮಟಾಯ್ಡ್ ಸಂಧಿವಾತಕ್ಕೆ ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್, ದಿನವೂ 5 ಮಿಲಿಗ್ರಾಂ ಪ್ರೆಡ್ನಿಸೋಲೋನ್. ಅಡ್ಡ ಬೆಳೆದ ಬುದ್ಧಿ ಹಲ್ಲನ್ನು ಕೊಯ್ದು ತೆಗೆಯಬೇಕಂತೆ. ಗಾಯ ಬೇಗ ಮಾಯಲಿ ಅಂತ ಎರಡೂ ಮಾತ್ರೆಯನ್ನು ನಾನೇ ನಿಲ್ಲಿಸಿದ್ದೇನೆ. ಸರಿ ತಾನೇ?

ಉತ್ತರ: ಇಲ್ಲ ಮೇಡಂ. ಪತ್ರ ಅಚ್ಚಾಗುವವರೆಗೆ ಕಾಯುವುದು ಬೇಡ ಅಂತ ನಿಮಗೆ ಆಗಲೇ ಉತ್ತರ ಕಳಿಸಿದ್ದೇವೆ, ಬೇರೆಯವರಿಗಾಗಿ ಇಲ್ಲೂ ಬರೆಯುತ್ತಿದ್ದೇನೆ. ನಿಮ್ಮ ಪ್ರೆಡ್ನಿಸೋಲೋನ್ ಒಂದು ಸ್ಟೆರಾಯ್ಡ್. ಬಹಳ ದಿನ ಸ್ಟೆರಾಯ್ಡ್ ತೆಗೆದುಕೊಂಡವರಲ್ಲಿ ದೇಹ ತಾನೇ ತಯಾರಿಸುವ ಸ್ಟೆರಾಯ್ಡ್ ತಗ್ಗಿರುತ್ತದೆ. ಅದನ್ನು ದಿಢೀರ್ ಅಂತ ನಿಲ್ಲಿಸಿ, ಮೇಲಿಂದ ಆಪರೇಷನ್ನಿನ ಒತ್ತಡವೂ ಬಿದ್ದರೆ ಬಿಪಿ ಕುಸಿದು ಜೀವಕ್ಕೇ ಕುತ್ತು ಬರಬಹುದು. ಆಪರೇಷನ್ ದಿನವೂ ಆ ಮಾತ್ರೆ ಬಿಡಬಾರದು. ಮೆಥೋಟ್ರೆಕ್ಸೇಟನ್ನು ಇಂಥ ಸಣ್ಣ ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ. ನಿಲ್ಲಿಸಬೇಕೋ ಬೇಡವೋ ಅನ್ನುವುದು ಸಂಧಿವಾತದ ಡಾಕ್ಟರು ರಕ್ತ ಪರೀಕ್ಷೆ ನೋಡಿ ಹೇಳುವ ಮಾತು.

ಹಲ್ಲಿನ ಡಾಕ್ಟರಿಗೆ ಮೆಥೋಟ್ರೆಕ್ಸೇಟ್ ವಿಷಯ ಹೇಳಲೇಬೇಕು, ಏಕೆಂದರೆ ಕೆಲವು ನೋವಿನ ಮಾತ್ರೆ, ಪೆನಿಸಿಲಿನ್ ಗುಂಪಿನ ಔಷಧಗಳು ಅದನ್ನು ದೇಹದಿಂದ ಹೊರಹೋಗಲು ಬಿಡದೆ ತಡೆಯಬಹುದು. ಕೋಟ್ರೈಮೋಕ್ಸಜೋಲ್ ಅನ್ನುವ ಆಂಟಿಬಯೋಟಿಕ್ ಅಂತೂ ಅದರ ಜೊತೆ ಕೂಡದು. ಇನ್ನೊಂದು ಹೆದರಿಕೆ ಇದೆ. ಆಪರೇಷನ್ ಆದ ಮೇಲೆ ಮನೆಯವರು ಎಲ್ಲ ಮಾತ್ರೆಯನ್ನೂ ಒಂದೇ ಡಬ್ಬಿಗೆ ಹಾಕಿ ಬೆಳಗ್ಗೆ–ರಾತ್ರಿ ಅಂತ ಕೊಡಲು ಶುರುಮಾಡಿ, ವಾರದ ಮಾತ್ರೆ ದಿನದ ಮಾತ್ರೆಯಾಗಿಬಿಡುತ್ತದೆ. ಅದು ವಿಷ. ಆ ಸ್ಟ್ರಿಪ್ ಬೇರೆ ಕಡೆ ಇರಲಿ, ಮೇಲೆ ವಾರದ ಹೆಸರು ಬರೆದಿಡಿ.

ಕತ್ತು ನೋವಿದ್ದರೆ, ದವಡೆಯ ಕೀಲು ಹಿಡಿದು ಬಾಯಿ ಪೂರ್ತಿ ತೆರೆಯಲು ಆಗದಿದ್ದರೆ ಮುಂಚೆಯೇ ಹೇಳಿ. ನಿಮ್ಮ ಕಾಯಿಲೆ ಕತ್ತಿನ ಮೂಳೆಗೂ ಬರಬಹುದು, ತಲೆಯನ್ನು ಜಾಸ್ತಿ ಹಿಂದಕ್ಕೆ ಬಾಗಿಸಬಾರದು.

ಪ್ರಶ್ನೆ: ಅಮ್ಮನಿಗೆ ಮೂಳೆ ಸವೆತಕ್ಕೆ ವರ್ಷಕ್ಕೊಂದು ಇಂಜೆಕ್ಷನ್ ಕೊಡಿಸುತ್ತೇವೆ. ಆ ವಿಷಯ ಕೇಳಿದ್ದೇ ತಡ, ಹಲ್ಲಿನ ಡಾಕ್ಟರು ಕೀಳಲ್ಲ ಅಂದುಬಿಟ್ಟರು. ಯಾಕೆ?

ಉತ್ತರ: ಅದು ಜೋಲೆಡ್ರೋನಿಕ್ ಆಸಿಡ್ 5 ಮಿಲಿಗ್ರಾಂ ಇರಬೇಕು. ಅದನ್ನೂ ಆ ಗುಂಪಿನ ಬೇರೆ ಔಷಧಗಳನ್ನೂ ತೆಗೆದುಕೊಂಡ ಕೆಲವರಲ್ಲಿ ಹಲ್ಲು ಕಿತ್ತ ಜಾಗದ ದವಡೆ ಮೂಳೆ ಮಾಯದೆ ಹೊರಗೆ ಕಾಣುತ್ತಾ ಉಳಿಯುತ್ತದೆ ಅನ್ನುವುದು 2003ರಿಂದ ವೈದ್ಯರಿಗೆ ಗೊತ್ತು. ಕ್ಯಾನ್ಸರ್ ಮೂಳೆಗೆ ಹರಡಿದಾಗ ತಿಂಗಳಿಗೊಮ್ಮೆ ಕೊಡುವವರಲ್ಲಿ ಇದು ಹೆಚ್ಚು. ಮೂಳೆ ಸವೆತದವರಲ್ಲಿ ತೀರಾ ಅಪರೂಪ, ಅಷ್ಟಕ್ಕೆ ಹಲ್ಲುನೋವು ನುಂಗಿಕೊಂಡು ಕೂರಬೇಕಿಲ್ಲ. ರೂಟ್ ಕೆನಾಲ್ ಮಾಡಿ ಉಳಿಸಿಕೊಳ್ಳಲು ಆಗುತ್ತದಾ ಅಂತ ಮೊದಲು ನೋಡಿ. ಕೀಳಲೇಬೇಕಾದರೆ ಡೆಂಟಲ್ ಕಾಲೇಜಿನಲ್ಲಿ ಕೀಳಿಸಿ, ಗಾಯ ಪೂರ್ತಿ ಮುಚ್ಚುವವರೆಗೆ ತೋರಿಸುತ್ತಿರಿ. ಇಂಜೆಕ್ಷನ್ ನಿಲ್ಲಿಸಿ ಕೀಳಿಸೋಣ ಅನ್ನಬೇಡಿ, ಅದರ ಅಂಶ ಮೂಳೆಯಲ್ಲಿ ವರ್ಷಗಟ್ಟಲೆ ಇರುತ್ತದೆ. ಆರು ತಿಂಗಳಿಗೊಮ್ಮೆ ಕೊಡುವ ಡೆನೋಸುಮಾಬ್ ಆಗಿದ್ದರೆ ಕಥೆ ಬೇರೆ. ಅದನ್ನು ತಪ್ಪಿಸಿದರೆ ಬೆನ್ನುಮೂಳೆ ಮುರಿಯುವ ಭಯ ಇದೆ, ಡಾಕ್ಟರನ್ನು ಕೇಳಿಯೇ ದಿನ ಹೊಂದಿಸಬೇಕು.

ಪ್ರಶ್ನೆ: ಎಂಟು ತಿಂಗಳ ಹಿಂದೆ ಅಣ್ಣನಿಗೆ ಸ್ಟೆಂಟ್ ಹಾಕಿದ್ದಾರೆ. ಹಲ್ಲು ಕೀಳಲು ರಕ್ತ ತೆಳು ಮಾಡುವ ಎರಡೂ ಮಾತ್ರೆ ಒಂದು ವಾರ ಬಿಡಿ ಅಂದರು ಒಬ್ಬರು. ಬಿಡಬಹುದಾ?

ಉತ್ತರ: ಹೃದಯದ ಡಾಕ್ಟರು ಹೇಳದೆ ಒಂದು ದಿನವೂ ಬಿಡಬೇಡಿ. ಬಾಯಲ್ಲಿ ರಕ್ತ ಬಂದರೆ ಒತ್ತಿ ಹಿಡಿಯಬಹುದು, ಹೊಲಿಗೆ ಹಾಕಬಹುದು, ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಸಿಡ್‌ನಲ್ಲಿ ಅದ್ದಿದ ಹತ್ತಿ ಇಡಬಹುದು. ಸ್ಟೆಂಟ್ ಒಳಗೆ ಹೆಪ್ಪುಗಟ್ಟಿದರೆ ಒತ್ತಿ ಹಿಡಿಯಲು ಬರುವುದಿಲ್ಲ. ಒಂದೆರಡು ಹಲ್ಲು ಕೀಳಲು ಆಸ್ಪಿರಿನ್, ಕ್ಲೋಪಿಡೊಗ್ರೆಲ್ ಸಾಮಾನ್ಯವಾಗಿ ನಿಲ್ಲಿಸಬೇಕಾಗಿಲ್ಲ. ಜರೂರು ಇಲ್ಲದ ಹಲ್ಲಾದರೆ ವರ್ಷ ತುಂಬಲಿ. ವಾರ್ಫರಿನ್ ಅಥವಾ ಅಸಿಟ್ರೋಮ್ ಅನ್ನುವ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಬೇರೆ, ಅವರು ಹಿಂದಿನ ದಿನ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತಿಳಿಸುವ ಐಎನ್‌ಆರ್ ನೋಡಿಸಿಕೊಂಡೇ ಹೋಗಬೇಕು, ಮತ್ತೆ ಒಸಡಿನ ಸೋಂಕಿಗೆ ಮೆಟ್ರೋನಿಡಜೋಲ್ ಬರೆದುಕೊಟ್ಟರೆ ಅಲ್ಲೇ ತಡೆದು ಕೇಳಬೇಕು. ಎರಡೂ ಸೇರಿದರೆ ರಕ್ತ ಅತಿಯಾಗಿ ತೆಳುವಾಗುತ್ತದೆ.

ಮುಂದಿನ ಸಂಚಿಕೆಗೆ ಬರೆಯುವವರು ದಯವಿಟ್ಟು ಮಾತ್ರೆಯ ಹೆಸರನ್ನು ಸ್ಟ್ರಿಪ್ ನೋಡಿಯೇ ಬರೆಯಿರಿ. ‘ಬೆಳಗ್ಗೆ ಒಂದು ಬಿಳಿ, ರಾತ್ರಿ ಅರ್ಧ ಗುಲಾಬಿ’ ಅಂತ ಈ ತಿಂಗಳು ನಾಲ್ಕು ಪತ್ರ ಬಂದಿವೆ.